ನಾಲ್ಕರಿಂದ ಐದಕ್ಕೆ ಗೇರು ಬೀಳ್ತಿಲ್ಲ, ಘಟ್ಟದಲ್ಲಿ ಗಾಡಿ ನಿಂತುಹೋಯ್ತು: ಏನು ಮಾಡಲಿ?

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನವನು, ವಯಸ್ಸು 27. ಇಷ್ಟು ವರ್ಷ ಆರು ಗೇರಿನ ಟಿಪ್ಪರ್ ಓಡಿಸುತ್ತಿದ್ದೆ. ಎರಡು ತಿಂಗಳಿಂದ 55 ಟನ್ನಿನ ಟ್ರೇಲರ್ ಮೇಲಿದ್ದೇನೆ. ಒಂಬತ್ತು ಗೇರು, ಲಿವರನ್ನು ಬಲಕ್ಕೆ ತಟ್ಟಿದರೆ ಹೈ ಆಗುವ ಥರದ್ದು. 4ರಿಂದ 5ಕ್ಕೆ ಹಾಕುವಾಗ ಆಗಾಗ ಕರ್ರ್ ಅನ್ನುತ್ತದೆ. ಹೋದ ವಾರ ಲೋಡು ಹೊತ್ತು ಅರಬೈಲ್ ಘಟ್ಟ ಹತ್ತುವಾಗ ತಿರುವಿನಲ್ಲಿ ಗೇರು ಇಳಿಸಲು ಹೋದೆ, ಒಂದೂ ಬೀಳಲಿಲ್ಲ. ಗಾಡಿ ನಿಂತೇ ಹೋಯ್ತು, ಸ್ವಲ್ಪ ಹಿಂದಕ್ಕೂ ಬಂತು. ಜೊತೆಗಿದ್ದ ಹಿರಿಯ ಡ್ರೈವರ್ ‘ಪ್ರತಿ ಗೇರಿಗೂ ಡಬಲ್ ಕ್ಲಚ್ ಹೊಡಿ’ ಅಂತಾರೆ. ಮೊಬೈಲಿನಲ್ಲಿ ನೋಡಿದರೆ ಅಮೆರಿಕದವರು ಕ್ಲಚ್ಚನ್ನೇ ಮುಟ್ಟದೆ ಗೇರು ಹಾಕ್ತಾರೆ. ಮಾಲೀಕರು ‘ಇಳಿಜಾರಲ್ಲಿ ನ್ಯೂಟ್ರಲ್ ಮಾಡು, ಡೀಸೆಲ್ ಉಳಿಯುತ್ತೆ’ ಅಂತಾರೆ. ಯಾರ ಮಾತು ಕೇಳಲಿ? ಮುಂದೆ ಕೆನಡಾಕ್ಕೆ ಹೋಗುವ ಯೋಚನೆಯೂ ಇದೆ. ಅಥವಾ ಈ ಗಾಡಿ ನನಗೆ ಆಗಿ ಬರುವುದೇ ಇಲ್ಲವೇ?

ಉತ್ತರ: ಆಗಿ ಬರುತ್ತದೆ. ನೀವು ಬರೆದದ್ದನ್ನು ಓದಿದರೆ ನಿಮ್ಮ ಕೈ ಸರಿಯಾಗಿಯೇ ಇದೆ ಅನ್ನಿಸುತ್ತದೆ. ತಪ್ಪುತ್ತಿರುವುದು ಹೊತ್ತು. 4ರಿಂದ 5ಕ್ಕೆ ಹಾಕುವಾಗ ಅವಸರ ಮಾಡುತ್ತಿದ್ದೀರಿ, ಘಟ್ಟದಲ್ಲಿ ತಡ ಮಾಡುತ್ತಿದ್ದೀರಿ. ಟಿಪ್ಪರಿನಿಂದ ಟ್ರೇಲರಿಗೆ ಬರುವ ಹುಡುಗರಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನೇ.

ಮೊದಲು ಆ ಕರ್ರ್ ಶಬ್ದದ ವಿಷಯ. ನಿಮ್ಮ ಗೇರ್ ಬಾಕ್ಸಿನಲ್ಲಿ ನಿಜವಾಗಿ ಎರಡು ಡಬ್ಬಗಳಿವೆ ಅಂತ ತಿಳಿಯಿರಿ. ಮುಂದಿನ ಡಬ್ಬದಲ್ಲಿ ನಾಲ್ಕು ಗೇರು, ಜೊತೆಗೆ ಒಂದು ಕ್ರಾಲರ್, ಅಂದರೆ 1ಕ್ಕಿಂತಲೂ ಕೆಳಗಿನ ಅತಿ ನಿಧಾನದ ಗೇರು. ಹಿಂದಿನ ಡಬ್ಬದಲ್ಲಿ ಹೈ ಮತ್ತು ಲೋ. ಅದೇ ನಾಲ್ಕು ಗೇರುಗಳು ಲೋದಲ್ಲಿ 1ರಿಂದ 4 ಆಗುತ್ತವೆ, ಹೈದಲ್ಲಿ 5ರಿಂದ 8 ಆಗುತ್ತವೆ. ಮುಂದಿನ ಡಬ್ಬವನ್ನು ನಿಮ್ಮ ಕೈ ಬದಲಿಸುತ್ತದೆ. ಹಿಂದಿನದನ್ನು ಬದಲಿಸುವುದು ಗಾಳಿ. ಲಿವರನ್ನು ಬಲಕ್ಕೆ ತಟ್ಟಿದಾಗ ಒಂದು ವಾಲ್ವ್ ತೆರೆದು, ಗಾಳಿ ಸಿಲಿಂಡರಿಗೆ ಹೋಗಿ, ಅದು ಹಿಂದಿನ ಡಬ್ಬವನ್ನು ಲೋದಿಂದ ಹೈಗೆ ತಳ್ಳುತ್ತದೆ. ಇದಕ್ಕೆ ಹೆಚ್ಚು ಕಡಿಮೆ ಒಂದು ಸೆಕೆಂಡು ಬೇಕು. ಟಿಪ್ಪರಿನ ಅಭ್ಯಾಸದಲ್ಲಿ ನೀವು ತಟ್ಟಿದ ಕೂಡಲೇ 5ಕ್ಕೆ ನೂಕಿದರೆ, ಹಿಂದಿನ ಡಬ್ಬ ಇನ್ನೂ ದಾರಿಯಲ್ಲೇ ಇರುತ್ತದೆ. ಶಬ್ದ ಬರುವುದು ಆಗ.

ಹಾಗಾಗಿ 4ರಿಂದ 5ಕ್ಕೆ ಹೀಗೆ ಮಾಡಿ ನೋಡಿ. ಕ್ಲಚ್ ಒತ್ತಿ, ಲಿವರನ್ನು ನ್ಯೂಟ್ರಲಿಗೆ ತನ್ನಿ. ಅಂಗೈಯಿಂದ ಬಲಕ್ಕೆ ಒಂದು ಏಟು, ಅಳುಕದೆ ಗಟ್ಟಿಯಾಗಿ. ಅಲ್ಲಿ ಕೈ ನಿಲ್ಲಿಸಿ. ಆಮೇಲೆ ಬೆರಳುಗಳಿಂದ ಲಿವರನ್ನು 5ರ ಕಡೆ ಮೆಲ್ಲಗೆ ಒತ್ತಿ ಹಿಡಿಯಿರಿ, ಗುದ್ದಬೇಡಿ. ಹೊತ್ತು ಬಂದಾಗ ಅದು ತಾನಾಗಿ ಒಳಗೆ ಜಾರುತ್ತದೆ. ಆ ಜಾರುವಿಕೆಯನ್ನು ಒಮ್ಮೆ ಕೈ ಕಲಿತರೆ ಮತ್ತೆ ಮರೆಯುವುದಿಲ್ಲ.

ಇದಕ್ಕೊಂದು ಲೆಕ್ಕವೂ ಇದೆ. ಈ ಜಾತಿಯ ಒಂದು ಸಾಮಾನ್ಯ ಬಾಕ್ಸಿನಲ್ಲಿ 4ನೇ ಗೇರಿನ ಅನುಪಾತ 3.48, 5ರದ್ದು 2.54. ಅಂದರೆ 1700 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 4ನ್ನು ಬಿಟ್ಟರೆ, ಅದೇ ಸ್ಪೀಡಿನಲ್ಲಿ 5 ಸೇರಲು ಎಂಜಿನ್ 1240ಕ್ಕೆ ಇಳಿದಿರಬೇಕು. ಈ ಇಳಿತಕ್ಕೆ ಸಮಯ ಬೇಕೇ ಬೇಕು. ಒಳಗಿನ ಹಲ್ಲುಗಳ ಸ್ಪೀಡನ್ನು ಸರಿಹೊಂದಿಸಲು ಸಿಂಕ್ರೊ ರಿಂಗ್ ಇದೆ ನಿಜ, ಆದರೆ ಅದು ಉಜ್ಜಿ ಉಜ್ಜಿಯೇ ಕೆಲಸ ಮಾಡುವ ವಸ್ತು. ನೀವು ಗುದ್ದಿದಷ್ಟೂ ಅದು ಸವೆಯುತ್ತದೆ.

ಕೈ ತಿದ್ದಿಕೊಂಡ ಮೇಲೂ ಶಬ್ದ ಬಂದರೆ ಗಾಡಿಯನ್ನು ನೋಡಬೇಕು. ಮೆಕ್ಯಾನಿಕ್ ಹತ್ತಿರ ಹೋಗಿ ‘ಗೇರ್ ಬಾಕ್ಸ್ ಸರಿ ಇಲ್ಲ’ ಅಂದರೆ ಅವರು ಬಿಚ್ಚಿಬಿಡುತ್ತಾರೆ, ಖರ್ಚು ಮಾಲೀಕರಿಗೆ. ಶಬ್ದ ಎಲ್ಲಿ ಬರುತ್ತದೆ ಅಂತ ಗಮನಿಸಿ ಹೇಳಿ. ಬರೀ 4-5ರ ನಡುವೆ ಬಂದರೆ ಅನುಮಾನ ಗಾಳಿಯ ಮೇಲೆ: ಪೈಪು ಸೋರುತ್ತಿರಬಹುದು, ವಾಲ್ವಿಗೆ ನೀರು ಸೇರಿರಬಹುದು, ಟ್ಯಾಂಕಿನಲ್ಲಿ ಪ್ರೆಷರ್ ಕಡಿಮೆ ಇರಬಹುದು. ನಮ್ಮ ಕರಾವಳಿಯ ತೇವಕ್ಕೆ ಗಾಳಿ ಟ್ಯಾಂಕಿನಲ್ಲಿ ನೀರು ಕೂರುವುದು ಜಾಸ್ತಿ, ದಿನಾ ಬೆಳಿಗ್ಗೆ ಡ್ರೈನ್ ಮಾಡಬೇಕು. ಮುಂದಿನ ಡಬ್ಬದ ಒಂದೇ ಗೇರಿಗೆ, ಉದಾಹರಣೆಗೆ 3ಕ್ಕೆ ಮತ್ತು ಹೈದಲ್ಲಿ ಅದೇ ಆಗುವ 7ಕ್ಕೆ ಮಾತ್ರ ಶಬ್ದ ಬಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರಬಹುದು. ಎಲ್ಲ ಗೇರಿಗೂ ಬಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ನಿಂತ ಗಾಡಿ, ಐಡಲಿನಲ್ಲಿ ಎಂಜಿನ್. ಕ್ಲಚ್ ಪೂರ್ತಿ ಒತ್ತಿ ಹತ್ತು ಸೆಕೆಂಡು ಕಾದು ರಿವರ್ಸ್ ಹಾಕಿ. ಅಷ್ಟು ಕಾದ ಮೇಲೂ ಕರ್ರ್ ಅಂದರೆ ಕ್ಲಚ್ಚಿನದೇ ತಪ್ಪು, ಬಾಕ್ಸ್ ಬಿಚ್ಚುವ ಮೊದಲು ಕ್ಲಚ್ ನೋಡಿಸಿ.

ಇನ್ನು ಅರಬೈಲ್. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಗಾಡಿ ಹಿಂದಕ್ಕೆ ಬಂತು ಅಂತ ಬರೆದಿದ್ದೀರಿ. ಟ್ರೇಲರ್ ಹಿಂದಕ್ಕೆ ಬಂದರೆ ಲಾರಿಯ ಹಾಗೆ ನೇರ ಬರುವುದಿಲ್ಲ. ನಡುವೆ ಮಡಚಿಕೊಳ್ಳುತ್ತದೆ. ತಿರುವಿನಲ್ಲಾದರೆ ರಸ್ತೆಯೇ ಬಂದ್.

ಗೇರು ಯಾಕೆ ಬೀಳಲಿಲ್ಲ ಅಂದರೆ, ಏರಿನಲ್ಲಿ ನೀವು ಕ್ಲಚ್ ಒತ್ತಿದ ಕ್ಷಣದಿಂದ ಗಾಡಿಯನ್ನು ಎಳೆಯುವವರು ಯಾರೂ ಇಲ್ಲ. 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ, ಗೇರು ಬದಲಿಸುವ ಎರಡು ಸೆಕೆಂಡಿನಲ್ಲೇ ಗಂಟೆಗೆ ನಾಲ್ಕರಿಂದ ಐದು ಕಿಲೋಮೀಟರ್ ಸ್ಪೀಡು ಹೋಗುತ್ತದೆ. 60ರಲ್ಲಿದ್ದಾಗ ಇದು ಏನೂ ಅಲ್ಲ. 20ರಲ್ಲಿದ್ದಾಗ ನಾಲ್ಕನೇ ಒಂದು ಭಾಗ! ನೀವು 20ರಲ್ಲಿ ಗೇರು ಬಿಟ್ಟಿರಿ, 20ಕ್ಕೆ ಸರಿಯಾದ ಗೇರು ಹುಡುಕಿದಿರಿ, ಅದು ಸಿಗುವಷ್ಟರಲ್ಲಿ ಗಾಡಿ 15ರಲ್ಲಿತ್ತು. ಆ ಗೇರಿನಲ್ಲಿ ಎಂಜಿನ್ ಉಸಿರು ಕಟ್ಟಿತು. ಮತ್ತೊಂದು ಗೇರು ಇಳಿಸಲು ಹೋಗುವಷ್ಟರಲ್ಲಿ ಗಾಡಿ ನಿಂತೇಬಿಟ್ಟಿತು. ತಿರುವಿನಲ್ಲಿ ಒಂದು ಕೈ ಸ್ಟಿಯರಿಂಗ್‌ನಲ್ಲಿ ಬೇರೆ.

ಇದಕ್ಕೆ ದಾರಿ ಎರಡು. ಒಂದು, ಬೇಗ ಇಳಿಸುವುದು. ಈಗಿನ ಎಂಜಿನ್ನುಗಳ ಆರ್‌ಪಿಎಂ ಮೀಟರಿನಲ್ಲಿ ಹಸಿರು ಪಟ್ಟಿ, ಅಂದರೆ ಎಂಜಿನ್ ಚೆನ್ನಾಗಿ ಎಳೆಯುವ ಜಾಗ, ಸುಮಾರು 1100ರಿಂದ 1600. ಸಪಾಟಿನಲ್ಲಿ 1100ರ ತನಕ ಎಳೆಯಲಿ ಬಿಡಿ, ತೊಂದರೆ ಇಲ್ಲ. ಘಟ್ಟದಲ್ಲಿ ಮುಳ್ಳು 1300ಕ್ಕೆ ಬಂದು ಇನ್ನೂ ಬೀಳುತ್ತಿದ್ದರೆ ಆಗಲೇ ಇಳಿಸಿ. ಎರಡು, ಕಡಿದಾದ ಕಡೆ ಒಂದರ ಬದಲು ಎರಡು ಗೇರು ಒಟ್ಟಿಗೆ ಇಳಿಸುವುದು, 5ರಿಂದ ನೇರ 3ಕ್ಕೆ. ಕಳೆದುಹೋಗುವ ಸ್ಪೀಡನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಹಾಗೆ ಆಯಿತು. ನುರಿತ ಡ್ರೈವರುಗಳು ಇದನ್ನು ಹೇಳಿಕೊಡುವುದಿಲ್ಲ, ಸುಮ್ನೆ ಮಾಡುತ್ತಾರೆ. ಹಾಗಾಗಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ರಾಮನಗುಳಿ, ಗುಳ್ಳಾಪುರ ದಾಟಿ ಏರು ಶುರುವಾಗುವ ಮೊದಲೇ ‘ಈ ಲೋಡಿಗೆ ಇವತ್ತು ಯಾವ ಗೇರು’ ಅಂತ ನಿರ್ಧಾರ ಆಗಿರಬೇಕು. ಪ್ರತಿ ತಿರುವಿಗೂ ಅದೇ ಕ್ರಮ: ತಿರುವು ಕಾಣುವಾಗಲೇ ಗೇರು ಬಿದ್ದಿರಬೇಕು, ತಿರುವಿನೊಳಗೆ ಕ್ಲಚ್ ಮುಟ್ಟಬಾರದು. ಒಂದೇ ಗೇರಿನಲ್ಲಿ ನಿಧಾನವಾಗಿ ಹತ್ತುವವನು, ಮಧ್ಯೆ ಮಧ್ಯೆ ಗೇರು ಏರಿಸಿ ಇಳಿಸಿ ಪರದಾಡುವವನಿಗಿಂತ ಬೇಗ ಘಟ್ಟದ ಮೇಲಿನ ಇಡಗುಂದಿ ಮುಟ್ಟುತ್ತಾನೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ.

ಇಷ್ಟಾದರೂ ಗೇರು ತಪ್ಪಿದರೆ ಹುಡುಕಾಡಬೇಡಿ. ಗಾಡಿ ಮುಂದಕ್ಕೆ ಉರುಳುತ್ತಿರುವಾಗಲೇ ಬ್ರೇಕ್ ಒತ್ತಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ನಿಲ್ಲಿಸಿದ್ದು ನೀವು, ಗಾಡಿ ತಾನಾಗಿ ನಿಂತದ್ದಲ್ಲ. ಆ ವ್ಯತ್ಯಾಸ ದೊಡ್ಡದು. ಆಮೇಲೆ ಕ್ರಾಲರ್ ಹಾಕಿ. ಕ್ರಾಲರಿಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲ, ನಿಂತಾಗಲೇ ಹಾಕಬೇಕು, ಓಡುವಾಗ ಪ್ರಯತ್ನಿಸಬೇಡಿ. ಕ್ಲಚ್ ನಿಧಾನಕ್ಕೆ ಬಿಡುತ್ತಾ ಬಂದರೆ ಕ್ಯಾಬಿನ್ ಮೂತಿ ಸ್ವಲ್ಪ ಮೇಲೇಳುತ್ತದೆ. ಎಂಜಿನ್ ಹಿಡಿದಿದೆ ಅಂತ ಅರ್ಥ. ಆಗ ಪಾರ್ಕಿಂಗ್ ಬ್ರೇಕ್ ಬಿಡಿ, ರೇಸು ಸ್ವಲ್ಪವೇ ಕೊಡಿ. ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ, 55 ಟನ್ನಿಗೆ ಕ್ಲಚ್ ಪ್ಲೇಟ್ ಬೇಗನೆ ಸುಟ್ಟುಹೋಗುತ್ತದೆ. ಹೊರಟ ಮೇಲೆ ಏರು ಸಡಿಲಾಗುವ ತನಕ ಕ್ರಾಲರಿನಲ್ಲೇ ಹೋಗಿ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಕ್ಲೀನರ್ ಅದನ್ನು ಎತ್ತಿ ಬದಿಗೆ ಹಾಕಿ ಬರಬೇಕು. ನಮ್ಮವರು ಆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವರು ಅದಕ್ಕೆ ಬಿದ್ದು ಸಾಯುತ್ತಾರೆ. ಇದೊಂದು ಕೆಟ್ಟ ಚಾಳಿ.

ಡಬಲ್ ಕ್ಲಚ್, ಅಂದರೆ ಒಂದು ಗೇರು ಬದಲಿಸಲು ಎರಡು ಸಲ ಕ್ಲಚ್ ಒತ್ತುವ ವಿಷಯದಲ್ಲಿ ನಿಮ್ಮ ಹಿರಿಯರು ಅರ್ಧ ಸರಿ. ಸಿಂಕ್ರೊ ಇಲ್ಲದ ಹಳೆಯ ಬಾಕ್ಸುಗಳಲ್ಲಿ ಅದಿಲ್ಲದೆ ಗೇರೇ ಬೀಳುತ್ತಿರಲಿಲ್ಲ. ಆ ಗಾಡಿಗಳಲ್ಲಿ ಕಲಿತ ಕಾಲು ಈಗಲೂ ತಾನಾಗಿ ಹಾಗೇ ಆಡುತ್ತದೆ. ನಿಮ್ಮ ಬಾಕ್ಸಿಗೆ ಪ್ರತಿ ಸಲ ಅದು ಬೇಡ. ಸುಮ್ನೆ ಕ್ಲಚ್ ಮತ್ತು ಅದರ ಬೇರಿಂಗ್ ಸವೆಯುತ್ತದೆ, ಕಾಲೂ ನೋಯುತ್ತದೆ. ಆದರೆ ಏರಿನಲ್ಲಿ ಗೇರು ಇಳಿಸುವಾಗ, ಸಿಂಕ್ರೊ ಸವೆದ ಹಳೆ ಗಾಡಿಯಲ್ಲಿ, ಯಲ್ಲಾಪುರ ಕಡೆ ಚಳಿಗಾಲದ ಬೆಳಿಗ್ಗೆ ಗೇರ್ ಆಯಿಲ್ ಗಟ್ಟಿಯಾಗಿದ್ದಾಗ, ಅದು ಬಹಳ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಕಲಿತಿರಿ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಸಣ್ಣ ರೇಸು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. 1200ರಲ್ಲಿ 5ನ್ನು ಬಿಟ್ಟರೆ 4ಕ್ಕೆ ಬೇಕಾದ್ದು 1650ರ ಹತ್ತಿರ, ಏರಿನಲ್ಲಿ ಸ್ಪೀಡು ಕಳೆಯುವುದರಿಂದ ಅದಕ್ಕಿಂತ ಕಡಿಮೆಯೇ ಸಾಕು. ಮೀಟರ್ ನೋಡಿ ಇದನ್ನು ಮಾಡಲಾಗದು, ಶಬ್ದ ಕೇಳಿ ಮಾಡಬೇಕು.

ಶಬ್ದ ಅಂದಾಗ ನೆನಪಾಯಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಹಳ ಒಳ್ಳೆಯದು, ನಮ್ಮ ಏಪ್ರಿಲ್ ಸೆಖೆಯಲ್ಲಿ ಬೆಂದವರಿಗೆ ಗೊತ್ತು. ಆದರೆ ಗಾಜು ಮುಚ್ಚಿ, ಹಾಡು ಹಾಕಿಕೊಂಡು ಘಟ್ಟ ಇಳಿಯುವವನಿಗೆ ಎಂಜಿನ್ನಿನ ದನಿಯೂ ಕೇಳುವುದಿಲ್ಲ, ಬ್ರೇಕ್ ಸುಟ್ಟ ವಾಸನೆಯೂ ಬರುವುದಿಲ್ಲ. ಘಟ್ಟದ ಮಟ್ಟಿಗೆ ಗಾಜು ಎರಡು ಇಂಚು ಇಳಿಸಿ.

ಈಗ ನಿಮ್ಮ ಮಾಲೀಕರ ಡೀಸೆಲ್ ಲೆಕ್ಕ. ಇದು ನಮ್ಮ ಕಡೆ ಹೋಟೆಲ್ ಬೆಂಚಿನಿಂದ ಬೆಂಚಿಗೆ ಓಡಾಡುವ ಸುಳ್ಳು. ಗೇರಿನಲ್ಲಿದ್ದು ರೇಸಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಡೀಸೆಲ್ ಪೂರ್ತಿ ಬಂದ್ ಆಗುತ್ತದೆ, ಒಂದು ಹನಿಯೂ ಹೋಗುವುದಿಲ್ಲ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಐಡಲಿನಲ್ಲಿ ಇಡಲು ಡೀಸೆಲ್ ಬೇಕು. ಅಂದರೆ ಘಟ್ಟದಲ್ಲಿ ನ್ಯೂಟ್ರಲ್ ಮಾಡಿದವನೇ ಜಾಸ್ತಿ ಸುಡುತ್ತಾನೆ. ಹೊಗೆಯ ದಾರಿ ಮುಚ್ಚಿ ಎಂಜಿನ್ನಿನಿಂದಲೇ ಗಾಡಿ ತಡೆಯುವ ಎಕ್ಸಾಸ್ಟ್ ಬ್ರೇಕೂ ನ್ಯೂಟ್ರಲಿನಲ್ಲಿ ಸತ್ತ ಹಾಗೆ, ಎಂಜಿನ್ ಚಕ್ರಕ್ಕೆ ಸೇರಿದ್ದರೆ ತಾನೆ ಅದು ತಡೆಯುವುದು. ಇದನ್ನು ಮಾಲೀಕರಿಗೆ ಜಗಳ ಆಡದೆ ಹೇಳಿ. ಹೇಳಲು ಮುಜುಗರ ಆದರೆ ಈ ಉತ್ತರವನ್ನೇ ತೋರಿಸಿ.

ನ್ಯೂಟ್ರಲಿನಲ್ಲಿ ಇಳಿದರೆ ಭಾರವೆಲ್ಲ ಬ್ರೇಕ್ ಡ್ರಮ್ಮಿನ ಮೇಲೆ. 55 ಟನ್ನಿನ ಗಾಡಿ 300 ಮೀಟರ್ ಎತ್ತರ ಇಳಿದರೆ ಹೊರಬರುವ ಶಕ್ತಿ ನಾಲ್ಕೂವರೆ ಲೀಟರ್ ಡೀಸೆಲ್ ಉರಿಸಿದಷ್ಟು. ಅಷ್ಟು ಬಿಸಿ ಡ್ರಮ್ಮಿಗೆ ಹೋದರೆ ಲೈನಿಂಗ್ ಹಿಡಿತ ಬಿಡುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್’ ಅಂತ ಸುದ್ದಿಯಲ್ಲಿ ಬರುವುದರಲ್ಲಿ ಎಷ್ಟೋ ಪ್ರಕರಣಗಳಲ್ಲಿ ಏನೂ ಮುರಿದಿರುವುದಿಲ್ಲ, ಬ್ರೇಕ್ ಕಾದಿರುತ್ತದೆ ಅಷ್ಟೆ.

‘ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಹಳೆಯ ಗಾಡಿಗಳಿಗೆ ಅದು ಸರಿಯಾಗಿತ್ತು. ಈಗಿನ ಎಂಜಿನ್ನುಗಳಿಗೆ ಎಳೆಯುವ ಬಲ ಜಾಸ್ತಿ, ಹಾಗಾಗಿ ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತವೆ. ತಡೆಯುವ ಬಲ ಅಷ್ಟು ಹೆಚ್ಚಿಲ್ಲ. ಆದ್ದರಿಂದ ಹತ್ತಿದ್ದಕ್ಕಿಂತ ಒಂದು ಗೇರು ಕಡಿಮೆ ಇಟ್ಟುಕೊಂಡು ಇಳಿಯಿರಿ. ಯಲ್ಲಾಪುರದಿಂದ ಬರುವಾಗ ಇಡಗುಂದಿ ದಾಟಿದ ಮೇಲೆ, ಇಳಿಜಾರು ಶುರುವಾಗುವ ಮೊದಲೇ ಆ ಗೇರು ಬಿದ್ದಿರಬೇಕು. ಎಕ್ಸಾಸ್ಟ್ ಬ್ರೇಕ್ ಹೆಚ್ಚು ಆರ್‌ಪಿಎಂನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಎಂಜಿನ್ ಕೂಗಿದರೆ ಹೆದರಬೇಡಿ, ಕೆಂಪು ಪಟ್ಟಿ ಮಾತ್ರ ಮುಟ್ಟಬಾರದು. ಕಾಲಿನ ಬ್ರೇಕನ್ನು ಉದ್ದಕ್ಕೂ ಒತ್ತಿಕೊಂಡು ಬರಬೇಡಿ. ಗಟ್ಟಿಯಾಗಿ ಒತ್ತಿ ಎಂಟು ಹತ್ತು ಕಿಲೋಮೀಟರ್ ಸ್ಪೀಡು ಇಳಿಸಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಹಾಗೇ.

ಇಳಿಜಾರಿನ ಮಧ್ಯೆ ಗೇರು ಇಳಿಸಲು ಹೋಗುವುದು ಅತಿ ದೊಡ್ಡ ಅಪಾಯ. ನ್ಯೂಟ್ರಲಿಗೆ ತಂದ ಕ್ಷಣ ಗಾಡಿ ಓಡತೊಡಗುತ್ತದೆ, ಕೆಳಗಿನ ಗೇರಿಗೆ ಬೇಕಾದ ಆರ್‌ಪಿಎಂ ಕ್ಷಣಕ್ಷಣಕ್ಕೂ ಮೇಲೇರುತ್ತದೆ, ಗೇರು ಸಿಗುವುದೇ ಇಲ್ಲ. ಬದಲಿಸಲೇಬೇಕಾದರೆ ಮೊದಲು ಕಾಲಿನ ಬ್ರೇಕಿನಿಂದ ಸ್ಪೀಡನ್ನು ಪೂರ್ತಿ ತಗ್ಗಿಸಿ. ಗೇರು ತಪ್ಪಿಯೇ ಹೋದರೆ ಲಿವರ್ ಬಿಟ್ಟುಬಿಡಿ, ಗಾಳಿ ಇರುವಾಗಲೇ ಒಂದೇ ಬಾರಿಗೆ ಒತ್ತಿ ಗಾಡಿ ನಿಲ್ಲಿಸಿ. ಬ್ರೇಕನ್ನು ಪಂಪ್ ಮಾಡಿದರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ.

ನಿಮ್ಮ ಥರದ ಲಿವರಿನಲ್ಲಿ ಇನ್ನೊಂದು ಬಲೆ ಇದೆ. 7ರಿಂದ 6ಕ್ಕೆ ಬರುವಾಗ ಕೈ ಎಡಕ್ಕೆ ಜೋರಾಗಿ ಹೋದರೆ, ಲಿವರ್ ಹೈ ದಾಟಿ ಲೋಗೆ ಬಿದ್ದು 6ರ ಬದಲು 4 ಸಿಗುತ್ತದೆ. 6ರಲ್ಲಿ 1500 ಇರಬೇಕಾದ ಎಂಜಿನ್ 2900ಕ್ಕೆ ಏರುತ್ತದೆ. ಕೆಲವು ಬಾಕ್ಸುಗಳಲ್ಲಿ ಇದನ್ನು ತಡೆಯುವ ಬೀಗ ಇರುತ್ತದೆ, ಅದನ್ನು ನಂಬಬೇಡಿ. 7ರಿಂದ ನ್ಯೂಟ್ರಲಿಗೆ ತಂದು ಕೈ ಸಡಿಲ ಬಿಡಿ, ಒಳಗಿನ ಸ್ಪ್ರಿಂಗೇ ಲಿವರನ್ನು 5-6ರ ಸಾಲಿಗೆ ತಂದು ನಿಲ್ಲಿಸುತ್ತದೆ. ಆಮೇಲೆ ಹಿಂದಕ್ಕೆ ಎಳೆಯಿರಿ.

ಮಳೆಗಾಲದ ಮಾತು ಬೇರೆ. ಖಾಲಿ ಟ್ರೇಲರ್, ಒದ್ದೆ ರಸ್ತೆ, ಕೆಳಗಿನ ಗೇರು ಹಾಕಿ ಕ್ಲಚ್ ಫಟ್ ಅಂತ ಬಿಟ್ಟರೆ ಎಳೆಯುವ ಚಕ್ರ ಜಾರಿ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಎಕ್ಸಾಸ್ಟ್ ಬ್ರೇಕೂ ಅದೇ ಚಕ್ರಗಳನ್ನು ಮಾತ್ರ ಹಿಡಿಯುವುದು. ಖಾಲಿ ಗಾಡಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ, ಮುಖ್ಯವಾಗಿ ದೇವಿಮನೆಯಂಥ ಘಟ್ಟದ ತಿರುವುಗಳಲ್ಲಿ, ಅದನ್ನು ಬಂದ್ ಇಟ್ಟು ನಿಧಾನ ಹೋಗುವುದೇ ಲೇಸು.

ಕೊನೆಗೆ ಅಮೆರಿಕದ ವಿಡಿಯೋ ಮತ್ತು ಕೆನಡಾ. ಅವರು ಕ್ಲಚ್ ಮುಟ್ಟದೆ ಹಾಕುವುದು ನಿಜ, ಮೋಸ ಅಲ್ಲ. ಆದರೆ ಅವರ ಬಾಕ್ಸ್ ಬೇರೆ. ಈಟನ್ ಫುಲ್ಲರ್ ಕಂಪನಿಯ 10, 13, 18 ಗೇರಿನ ಆ ಬಾಕ್ಸುಗಳಲ್ಲಿ, ಕೈಯಿಂದ ಬದಲಿಸುವ ಮುಂದಿನ ಡಬ್ಬಕ್ಕೆ ಸಿಂಕ್ರೊ ರಿಂಗೇ ಇಲ್ಲ. ಸ್ಪೀಡು ಸರಿಹೊಂದಿದರೆ ಹಲ್ಲು ನೇರ ಸೇರುತ್ತದೆ, ಕ್ಲಚ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿಮ್ಮ ಬಾಕ್ಸಿನಲ್ಲಿ ಅದೇ ಆಟ ಆಡಿದರೆ ಸಿಂಕ್ರೊ ರಿಂಗ್ ಅಡ್ಡ ನಿಂತು ತಾನೇ ಸವೆಯುತ್ತದೆ. ದಯವಿಟ್ಟು ಬೇಡ. ಅಲ್ಲೂ ತರಬೇತಿಯಲ್ಲಿ ಕಲಿಸುವುದು ಡಬಲ್ ಕ್ಲಚ್ಚೇ, ಹಾಗಾಗಿ ಇಲ್ಲಿ ಅದನ್ನು ಕಲಿತದ್ದು ಹಾಳಾಗುವುದಿಲ್ಲ. ಈಗ ಅಲ್ಲಿ ಕ್ಲಚ್ ಪೆಡಲೇ ಇಲ್ಲದ ಆಟೊ ಗಾಡಿಗಳು ಜಾಸ್ತಿಯಾಗಿವೆ. ಆದರೆ ಅಮೆರಿಕದಲ್ಲಿ ಆಟೊ ಗಾಡಿಯಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸಿನ ಮೇಲೆ ‘ಮ್ಯಾನುವಲ್ ಓಡಿಸುವಂತಿಲ್ಲ’ ಅಂತ ನಿರ್ಬಂಧ ಬೀಳುತ್ತದೆ. ಕೆನಡಾದಲ್ಲಿ ನೀವು ಹೋಗುವ ಪ್ರಾಂತದ ನಿಯಮ ವಿಚಾರಿಸಿಕೊಳ್ಳಿ.

ಒಂದು ವಿಷಯ ಮಾತ್ರ ಈಗಲೇ ಹೇಳಿಬಿಡುತ್ತೇನೆ. ನಾವು ಇಲ್ಲಿ ಕ್ಲಚ್ಚನ್ನು ನೆಲ ಮುಟ್ಟುವ ತನಕ ಒತ್ತುತ್ತೇವೆ, ಅದೇ ಸರಿ. ಸಿಂಕ್ರೊ ಇಲ್ಲದ ಅವರ ಬಾಕ್ಸುಗಳಲ್ಲಿ ಪೆಡಲಿನ ಕೊನೆಯ ಒಂದು ಇಂಚಿನಲ್ಲಿ ಕ್ಲಚ್ ಬ್ರೇಕ್ ಅಂತ ಇರುತ್ತದೆ, ನಿಂತ ಗಾಡಿಗೆ ಒಂದನೇ ಗೇರು ಅಥವಾ ರಿವರ್ಸ್ ಹಾಕಲು ಮಾತ್ರ. ಓಡುವಾಗ ನೆಲದ ತನಕ ಒತ್ತಿದರೆ ಆ ಬ್ರೇಕ್ ತುಂಡಾಗುತ್ತದೆ, ಗೇರೂ ಬೀಳುವುದಿಲ್ಲ. ಅಲ್ಲಿ ಓಡುವ ಗಾಡಿಯಲ್ಲಿ ಪೆಡಲನ್ನು ಅರ್ಧದ ತನಕ ಒತ್ತಿದರೆ ಸಾಕು.